ಹಿಂದಿನಿಂದ ಹೇಳಿಕೊಟ್ಟ ಸಾಲುಗಳು

ಮುಸ್ತಕೀಮನಿಗೆ ಸರಿಯಾದ ಕನ್ನಡಕ ಇರಲಿಲ್ಲ. ಕನ್ನಡಕಗಳು ಎರಡಿದ್ದವು, ಆಳಂದದ್ದೊಂದು, ಅಫಜಲಪುರದ್ದೊಂದು. ಯಾವುದನ್ನು ಹಾಕಿದರೂ ಒಂದು ಬಲ್ಬು ಮೂರಾಗಿ ಕಾಣುತ್ತಿತ್ತು.

ಅವನು ಕೊಳಕೂರಿನವನು, ಟೈಲ್ಸ್ ಕೂಡಿಸುವ ಕೆಲಸ. ಅಪ್ಪ ಬುರಾನುದ್ದೀನನೇ ಮೇಸ್ತ್ರಿ. ಕನ್ನಡಕ ಹಾಕಿದರೂ ಮಗನಿಗೆ ಸರಿಯಾಗಿ ಕಾಣುವುದಿಲ್ಲವೆಂದು ಗೊತ್ತಾದರೆ ಟೈಲ್ಸ್ ಬಿಡಿಸಿ ಸಿಮೆಂಟು ಹೊರಲು ಹಚ್ಚುವವನು. ಹಾಗಾಗಿ ಕಣ್ಣು ತೋರಿಸುವಾಗೆಲ್ಲ ಅಕ್ಕ ಫರಹೀನ ಜೊತೆಗೆ ಹೋಗಿ, ಹಿಂದೆ ನಿಂತು ಬೋರ್ಡಿನ ಅಕ್ಷರ ಹೇಳಿಕೊಡುತ್ತಿದ್ದಳು. ಅಕ್ಕತಮ್ಮ ಅದನ್ನು ಪಾಸಾಗುವುದು ಎನ್ನುತ್ತಿದ್ದರು.

ಮೂರನೆಯ ಸಲ ಹೋದದ್ದು ಜೇವರ್ಗಿಯ ಕಣ್ಣಿನ ದವಾಖಾನೆಗೆ. ತಪಾಸಣೆ ಮಾಡುವವಳು ಭಾಗ್ಯಜ್ಯೋತಿ.

"ತಮ್ಮಾ, ಕೆಳಗಿನ ಸಾಲು ಓದು."

"ಗ... ರ..."

"ಠ ಬೋಲ್," ಫರಹೀನ ಪಿಸುಗುಟ್ಟಿದಳು.

"ಠ."

ಭಾಗ್ಯಜ್ಯೋತಿ ತಿರುಗಿಯೂ ನೋಡಲಿಲ್ಲ. "ಆಪಾ, ತುಮಾರೀ ನಜರ್ ಅಚ್ಛೀ ಹೈ. ಕಣ್ಣ ಛಲೋ ಅದಾವ, ನಿಮಗ ಚಷ್ಮಾ ಬ್ಯಾಡ, ಹೊರಗ ಕೂಡ್ರಿ."

ತಮ್ಮ ಮನೆಮಾತಾದ ಉರ್ದು ಇವಳಿಗೂ ಬರಬಹುದೆಂದು ಫರಹೀನಳಿಗೆ ಹೊಳೆದಿರಲಿಲ್ಲ. ಬಾಗಿಲಾಚೆ ಹೋಗಿ ನಿಂತಳು.

ಮುಸ್ತಕೀಮ ಮಶೀನಿನ ಮೇಲೆ ಗದ್ದ ಇಟ್ಟ. ನಂಬರು ಒಮ್ಮೆ ನಾಲ್ಕೂವರೆ ಬಂತು, ಆಮೇಲೆ ಆರು, ಮತ್ತೆ ಐದು.

"ಮಶೀನಿಗಿ ಯಾರು ಹೇಳಿಕೊಡಾಕತ್ತಾರ್ರಿ?"

"ಚ್ಯಾಷ್ಟಿ ಸಾಕು. ಕುತ್ತಿಗಿ ನೆಟ್ಟಗ ಇಡು."

ಗಡಿಯಾರದಂತೆ ಸುತ್ತಲೂ ಗೆರೆಗಳಿದ್ದ ಹಾಳೆಯನ್ನು ಗೋಡೆಗೆ ಹಚ್ಚಿದಳು. "ಯಾವ ಗೆರಿ ದಟ್ಟ ಕಾಣ್ತದ?"

ಅದರಲ್ಲಿ ಅಕ್ಷರವಿರಲಿಲ್ಲ, ಹಿಂದೆ ಅಕ್ಕನೂ ಇರಲಿಲ್ಲ.

"ಎಲ್ಲಾ ಗೆರಿಗೂ ನೆರಳ ಅದರಿ. ಭಾಳ ದಿನದಿಂದ ಹಿಂಗೇ ಅದ."

ಕಣ್ಣಿನ ಚಿತ್ರ ತೆಗೆದು ನೋಡಿದಳು. "ಕಣ್ಣಿನ ಮುಂದಿನ ಪರದಿ ತೆಳ್ಳಗಾಗಿ ಚೂಪ ಆಗ್ಯಾದ. ಅದಕ್ಕೇ ನಂಬರ ಒಂದೇ ಕಡಿ ನಿಲ್ಲವಲ್ದು. ಮೊದಲೇ ಖರೇ ಹೇಳಿದ್ರ ಅಲ್ಲೇ ತಡೀಬಹುದಿತ್ತು. ಈಗ ಕಣ್ಣೊಳಗ ಇಡೋ ಗಟ್ಟಿ ಲೆನ್ಸ್ ಹಾಕಿದ್ರ ಕೆಲಸಕ್ಕ ತೊಂದ್ರಿಲ್ಲ. ಕಣ್ಣ ತಿಕ್ಕೋದು ಬಿಡು."

"ಅಬ್ಬಾಗ ಏನ ಹೇಳ್ಲಿ?"

ಇನ್ನು ಗುಟ್ಟಿಲ್ಲವೆಂದು ಫರಹೀನ ಬಾಗಿಲಿನಿಂದ ಕನ್ನಡದಲ್ಲೇ ಅಂದಳು: "ಅಬ್ಬಾಗ ಆಗಲೇ ಸಂಶಯ ಬಂದಾದ ಲೇ. ನೀ ಟೈಲ್ಸ್ ಕೂಡಿಸಿದ ಬಚ್ಚಲದ ನೀರು ಅಡಗಿಮನಿಗಿ ಹರೀತದ."

ಭಾಗ್ಯಜ್ಯೋತಿ ನಕ್ಕು, ಬೋರ್ಡನ್ನು ಇನ್ನೊಮ್ಮೆ ಓದಿಸಿ ಬರೆದುಕೊಂಡಳು. ಮೂರು ವರ್ಷದ ಹಿಂದೆ ಅವನು ಓದುತ್ತಿದ್ದ ಕಾಲೇಜಿನಲ್ಲಿ ತಪಾಸಣೆ ಮಾಡಿ ಕೊಟ್ಟಿದ್ದ ಚೀಟಿ ಅವನ ಹತ್ತಿರವಿತ್ತು. ಆಗ ಫರಹೀನ ಜೊತೆಗಿರಲಿಲ್ಲ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರು.

ಆಗ ಓದಿದ್ದ ಸಾಲುಗಳಲ್ಲಿ ಬಲಗಣ್ಣಿಗೆ ನಾಲ್ಕು ಹೋಗಿದ್ದವು, ಎಡಗಣ್ಣಿಗೆ ಎರಡು.