ಕೆಳಗಿನ ಕೋಣೆಯ ಟೆಲೆಕ್ಸ್

ಬೊಂಬಾಯಿಯಿಂದ ಟ್ರಂಕ್ ಕಾಲ್ ಬಂದಾಗ ಶಕುಂತಲಮ್ಮ ಟೆಲೆಕ್ಸ್ ಯಂತ್ರಕ್ಕೆ ಹೊಸ ಕಾಗದದ ಸುರುಳಿ ಹಾಕುತ್ತಿದ್ದಳು. ಮ್ಯಾನೇಜರ್ ಶಿವಮೂರ್ತಪ್ಪನವರು ಫೋನಿನಲ್ಲಿ ಮೊದಲು ಜೋರಾಗಿ, ಆಮೇಲೆ ಮೆತ್ತಗೆ ಮಾತಾಡಿ ರಿಸೀವರ್ ಇಟ್ಟು, ಅವಳನ್ನು ಕರೆಸಿದರು.

“ಪಂಪಿನ ಅಳತೆ ಬದಲಾಗೈತಿ ಅಂತ ಬೊಂಬಾಯಿ ಏಜೆಂಟರು ಹೋದ ವಾರನೇ ಟೆಲೆಕ್ಸ್ ಕೊಟ್ಟಾರಂತೆ. ನಾವು ನೋಡಿದ್ರೆ ಹಳೇ ಅಳತೆದು ಲಾರಿ ತುಂಬಿ ಕಳಿಸೀವಿ. ಎಲ್ಲೈತೆ ಆ ಟೆಲೆಕ್ಸ್?”

“ನನ್ ಕೈಗೆ ಬಂದಿಲ್ಲ ಸಾರ್.”

“ಬಂದೈತೆ ಅಂತಾರಲ್ಲಮ್ಮ. ಇಲ್ಲಿಂದ ಓಕೆ ಅಂತ ಜವಾಬೂ ಹೋಗೈತಂತೆ. ಕೆಳಗೆ ಎಚ್.ಎಸ್. ಅಂತ ಹೆಸರು ಬೇರೆ. ಯಾರದು ಎಚ್.ಎಸ್.?”

ಶಕುಂತಲಮ್ಮನಿಗೆ ಗೊತ್ತಿರಲಿಲ್ಲ. ಪಕ್ಕದ ಮೇಜಿನಲ್ಲಿ ಬರೆಯುತ್ತಿದ್ದ ಹೆಡ್ ಕ್ಲಾರ್ಕ್ ಕರಿಬಸವರಾಜನ ಪೆನ್ನು ಮಾತ್ರ ಅಲ್ಲೇ ನಿಂತಿತು.

ಹರಿಹರದ ಹೊರಗೆ ಗುತ್ತೂರಿನ ಹತ್ತಿರ ನೀರಾವರಿ ಪಂಪು ತಯಾರಿಸುವ ಕಾರ್ಖಾನೆ ಅದು. ಶಕುಂತಲಮ್ಮ ದಾವಣಗೆರೆಯ ಕೆ.ಬಿ. ಬಡಾವಣೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಎಂಬತ್ತೆರಡರ ಕೊನೆಯಲ್ಲಿ ಟೆಲೆಕ್ಸ್ ಆಪರೇಟರ್ ಆಗಿ ಸೇರಿ ವರ್ಷ ತುಂಬುತ್ತ ಬಂದಿತ್ತು. ಅವಳಿಗೆ ಆ ಯಂತ್ರದ ಮೇಲೆ ನಂಬಿಕೆ. ಈ ಕಡೆ ಯಾರೂ ಕೂತಿರದಿದ್ದರೂ ಅದು ತಾನೇ ಕರೆ ಎತ್ತಿಕೊಂಡು, ಕಂಪನಿಯ ಗುರುತನ್ನು ತಾನೇ ಹೊಡೆದು, ಬಂದ ಸುದ್ದಿಯನ್ನೆಲ್ಲ ಕಾಗದದ ಮೇಲೆ ಅಚ್ಚೊತ್ತಿ ಇಡುತ್ತಿತ್ತು. ಅದರಲ್ಲಿ ಸುದ್ದಿ ಕಳೆದುಹೋಗುವುದೆಂದರೆ ಏನೆಂದೇ ಅವಳಿಗೆ ತಿಳಿಯಲಿಲ್ಲ.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ಕರಿಬಸವರಾಜ ಕುರ್ಚಿ ಎಳೆದುಕೊಂಡು ಹತ್ತಿರ ಬಂದ.

“ಎಚ್.ಎಸ್. ಅಂದ್ರೆ ಹಯಾತ್ ಸಾಬ್ ಕಣಮ್ಮ. ನಿಮಗಿಂತ ಮುಂಚೆ ಇದ್ದೋರು. ಯಾವ ಟೆಲೆಕ್ಸ್ ಬಂದ್ರೂ ಕೊನೆಗೆ ಓಕೆ ಎಚ್.ಎಸ್. ಅಂತ ಹೊಡೆದೇ ಏಳೋರು.”

“ಈಗೆಲ್ಲಿದಾರೆ?”

“ಎಲ್ಲಿದಾರೆ? ತೀರ್ಕೊಂಡ್ರು. ಆಗ ಆಫೀಸು ಕೆಳಗಿತ್ತು, ಸರಿಯಾಗಿ ನಿಮ್ಮ ಕಾಲ ಕೆಳಗಿನ ಕೋಣೇಲಿ. ಇಂಥದೇ ಹೊತ್ತು. ಹಾರ್ಟು ನಿಂತು ಕುರ್ಚಿ ಮೇಲೇ ಒರಗಿಬಿಟ್ಟಿದ್ರು. ನಾವು ಹೋದಾಗ ಮಶಿನ್ ಇನ್ನೂ ಹೊಡೀತಾನೇ ಇತ್ತು. ಅತ್ಲಾಗಿನೋರಿಗೆ ಏನು ಗೊತ್ತು ಪಾಪ.” ಅವನು ಅನ್ನ ಕಲಸುವುದನ್ನು ಬಿಟ್ಟ. “ಆಮೇಲೆ ಸಾಹೇಬ್ರು ಆಫೀಸು ಮೇಲಕ್ಕೆ ತಂದ್ರು, ಹೊಸ ಮಶಿನ್ ಬಂತು. ಆ ಕೋಣೆ ಬಾಗಿಲು ಯಾರೂ ತೆಗೆಯಲ್ಲ. ಅವರ ಮನೆಯವ್ರಿಗೆ ಕಂಪನೀಲೇ ಕಸ ಹೊಡೆಯೋ ಕೆಲಸ ಕೊಟ್ಟಾರೆ. ಬೀಬಿಜಾನ್, ನೋಡೀರಲ್ಲ.”

ನೋಡದೆ ಏನು. ದಿನಾ ಬೆಳಿಗ್ಗೆ ತನ್ನ ಮೇಜನ್ನು ಒರೆಸಿ, ಹೂಜಿಯಲ್ಲಿ ನೀರಿಟ್ಟು, ಮಾತಿಲ್ಲದೆ ಹೋಗುವ ಹೆಂಗಸು. ಯಂತ್ರವನ್ನು ಒರೆಸುವಾಗ ಮಾತ್ರ ಅವಳು ಸ್ವಲ್ಪ ಹೊತ್ತು ತಗೊಳ್ಳುತ್ತಿದ್ದಳು. ಇಷ್ಟು ದಿನ ಅವಳ ಗಂಡನ ಕೆಲಸ ತಾನು ಮಾಡುತ್ತಿದ್ದೇನೆ ಎಂಬುದು ಶಕುಂತಲಮ್ಮನಿಗೆ ಗೊತ್ತೇ ಇರಲಿಲ್ಲ. ಅವಳು ಡಬ್ಬಿ ಮುಚ್ಚಿಟ್ಟಳು.

ಮರುದಿನ ಕಾರ್ಖಾನೆಗೆ ವಾರದ ರಜೆ. ಕಬ್ಬಿಣ ಕಡೆಯುವ ಲೇಥುಗಳೆಲ್ಲ ನಿಂತಿದ್ದವು. ಆಫೀಸು ಮಾತ್ರ ತೆರೆದಿತ್ತು. ಶಕುಂತಲಮ್ಮ ಮದರಾಸಿಗೆ ಒಂದು ಉದ್ದನೆಯ ಟೆಲೆಕ್ಸ್ ಹೊಡೆಯುತ್ತಿದ್ದಳು. ಅರ್ಧಕ್ಕೆ ಬಂದಿರಬೇಕು, ಅಂಗಾಲಿನ ಕೆಳಗೆ ನೆಲ ಸಣ್ಣಗೆ ನಡುಗಿತು. ಆ ನಡುಕ ಅವಳಿಗೆ ಹೊಸದಲ್ಲ. ಲೇಥಿನದು ಅಂದುಕೊಂಡು ಸುಮ್ಮನಿರುತ್ತಿದ್ದಳು. ಈ ದಿನ ಲೇಥು ಎಲ್ಲಿತ್ತು? ಅವಳು ಕೀಲಿಗಳಿಂದ ಕೈ ಎತ್ತಿದಳು. ನೆಲ ನಡುಗುತ್ತಲೇ ಇತ್ತು. ಕಿವಿಗೊಟ್ಟರೆ, ಬಹಳ ಕೆಳಗಿನಿಂದ, ಒಂದೇ ಸಮನೆ ಟಕಟಕ ಸದ್ದು. ಅವಳ ಯಂತ್ರದ್ದೇ ಸದ್ದು, ಅವಳ ಯಂತ್ರದಿಂದ ಅಲ್ಲ.

ಸ್ವಲ್ಪ ಹೊತ್ತಿಗೆ ಅದು ನಿಂತಿತು. ಆಮೇಲೆ ಒಂದೊಂದಾಗಿ, ತಡವರಿಸಿಕೊಂಡು, ಟಕ್. ಟಕ್. ಕೆಲವೇ ಪೆಟ್ಟು. ಮತ್ತೆ ಏನೂ ಇಲ್ಲ.

ಶಕುಂತಲಮ್ಮ ಕಾಲನ್ನು ಕುರ್ಚಿಯ ಅಡ್ಡಪಟ್ಟಿಯ ಮೇಲೆ ಎತ್ತಿಟ್ಟುಕೊಂಡಳು. ಕರಿಬಸವರಾಜ ಅವತ್ತು ರಜೆ. ಮ್ಯಾನೇಜರಿಗೆ ಹೇಳಲು ಬಾಯಿ ಬರಲಿಲ್ಲ.

ಅವರೇ ಎರಡು ದಿನ ಬಿಟ್ಟು ಕರೆಸಿದರು. ಅಷ್ಟರಲ್ಲಿ ಎಚ್.ಎಸ್. ಯಾರೆಂದು ಅವರಿಗೂ ಹೊಳೆದಿತ್ತು. ಇನ್ನೊಂದು ಟೆಲೆಕ್ಸ್ ಬಂದೂ ಕೈಗೆ ಸಿಕ್ಕಿರಲಿಲ್ಲ, ಅದಕ್ಕೂ ಅದೇ ಓಕೆ ಹೋಗಿತ್ತು. “ಸತ್ತೋರ ಹೆಸರಿನಾಗೆ ಆಟ ಆಡ್ಬಾರದಮ್ಮ. ಇನ್ನೊಂದು ಸಲ ಹಿಂಗಾತಂದ್ರೆ ಬೇರೆಯವ್ರನ್ನ ನೋಡ್ಕಂತೀವಿ,” ಎಂದರು. ಬೈದಿದ್ದರೆ ಅವಳು ಉತ್ತರ ಕೊಡುತ್ತಿದ್ದಳೇನೋ. ಅವರು ಹೆದರಿದವರ ಹಾಗೆ ಹೇಳಿದರು.

ಆ ಸಂಜೆ ಅವಳು ದಾವಣಗೆರೆಯಲ್ಲಿ ಬಸ್ಸಿಳಿದು ಮನೆಗೆ ಹೋಗಲಿಲ್ಲ, ನೇರ ಟೆಲೆಕ್ಸ್ ಎಕ್ಸ್‌ಚೇಂಜಿಗೆ ಹೋದಳು. ಅಲ್ಲಿಯ ಟೆಕ್ನೀಷಿಯನ್ ವಾಮದೇವಪ್ಪ ಒಮ್ಮೆ ಅವಳ ಯಂತ್ರ ರಿಪೇರಿಗೆ ಬಂದವನು. ನೆಲದ ನಡುಕದ ತನಕ ಎಲ್ಲ ಹೇಳಿದಳು. ಅವನು ನಕ್ಕ.

“ದೆವ್ವಕ್ಕೆ ಲೈನ್ ಬೇಕಂದ್ರೂ ಅರ್ಜಿ ಹಾಕಿ ವರ್ಷಗಟ್ಲೆ ಕಾಯಬೇಕಮ್ಮ. ಕೂಡ್ರಿ, ನೋಡ್ತೀನಿ.” ಒಳಗೆ ಹೋಗಿ ಬಂದಾಗ ನಗು ಇರಲಿಲ್ಲ. “ನಿಮ್ಮ ಕಂಪನಿಗೆ ಎಷ್ಟು ಲೈನ್?”

“ಒಂದೇ.”

“ಎರಡೈತೆ. ಒಂದು ಬಿಜಿ ಇದ್ರೆ ಕರೆ ತಾನೇ ಎರಡನೇದಕ್ಕೆ ಹೋಗೋ ಹಂಗೆ ನಿಮ್ಮೋರೇ ಹಾಕಿಸ್ಕಂಡಾರೆ. ಹಳೇ ಲೈನ್ ಬ್ಯಾಡ ಅಂತ ಯಾರೂ ಬರ್ಕೊಟ್ಟಿಲ್ಲ. ನೀವು ಮ್ಯಾಲೆ ಯಾರ ಜತೆಗೋ ಮಾತಾಡ್ತಿರುವಾಗ ಇನ್ನೊಬ್ರು ಕರೆದ್ರೆ ಆ ಸುದ್ದಿ ಹಳೇ ಮಶಿನ್‌ಗೆ ಇಳೀತತೆ. ಎರಡಕ್ಕೂ ಗುರುತು ಒಂದೇ. ಬೊಂಬಾಯೋರಿಗೆ ಮುಟ್ಟಿತು ಅಂತನೇ ಕಾಣ್ತತೆ. ದೆವ್ವನೂ ಇಲ್ಲ, ಏನೂ ಇಲ್ಲ.”

ಶಕುಂತಲಮ್ಮನಿಗೆ ಅಳು ಬರುವಷ್ಟು ಸಮಾಧಾನವಾಯಿತು. ಮನೆ ಮುಟ್ಟುವ ತನಕ ಅದು ಉಳಿಯಲಿಲ್ಲ. ಯಂತ್ರ ಗುರುತನ್ನು ಹೊಡೆಯುತ್ತದೆ, ಸರಿ. ಓಕೆ ಎಚ್.ಎಸ್. ಎಂದು ಯಾವ ಯಂತ್ರವೂ ತಾನಾಗಿ ಹೊಡೆಯುವುದಿಲ್ಲ.

ವಾಮದೇವಪ್ಪ ಸೋಮವಾರ ಮಧ್ಯಾಹ್ನ ಬಂದ. ಶಕುಂತಲಮ್ಮ ಮದರಾಸಿನ ಕರೆ ಹಿಡಿದು ಲೈನನ್ನು ಬಿಜಿ ಇಟ್ಟಳು. ಮೊದಲೇ ಮಾತಾಡಿಕೊಂಡಿದ್ದಂತೆ ದಾವಣಗೆರೆ ಎಕ್ಸ್‌ಚೇಂಜಿನಿಂದ ಅವನ ಜೊತೆಗಾರ ಅದೇ ನಂಬರಿಗೆ ಕರೆದ. ನೆಲ ನಡುಗಿತು. “ನೋಡ್ರಿ, ಇಳೀತು,” ಎಂದು ವಾಮದೇವಪ್ಪ ಮೊಣಕಾಲೂರಿ ಅಂಗೈಯನ್ನು ನೆಲಕ್ಕೆ ಒತ್ತಿದ. ನಡುಕ ನಿಂತಿತು. ಆಮೇಲೆ ಆ ಬಿಡಿ ಪೆಟ್ಟುಗಳು. ಟಕ್. ಟಕ್.

ಅವನು ಕೈ ತೆಗೆಯಲಿಲ್ಲ. ಮುಖ ಮಾತ್ರ ಮೇಲೆತ್ತಿದ.

“ಇದು ಲೈನ್‌ನಾಗೆ ಬಂದದ್ದಲ್ಲ. ಲೈನ್‌ನಾಗೆ ಬಂದದ್ದು ಒಂದೇ ಸಮ ಬೀಳ್ತತೆ. ಇದು ಬೆರಳು.” ದನಿ ತಗ್ಗಿತ್ತು. “ಕೆಳಗೆ ಯಾರೋ ಕುಂತಾರೆ.”

ಇಬ್ಬರೂ ಮೆಟ್ಟಿಲಿಳಿದರು. ಅಂಗಳದಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಎರಕದ ಶೆಡ್ಡಿನಿಂದ ಸುಟ್ಟ ಮರಳಿನ ವಾಸನೆ. ಕೋಣೆಯ ಬಾಗಿಲು ಮುಚ್ಚಿತ್ತು, ಬೀಗ ಮಾತ್ರ ತೆರೆದು ಚಿಲಕಕ್ಕೆ ನೇತುಬಿದ್ದಿತ್ತು. ವಾಮದೇವಪ್ಪ ಹಿಂದೆ ನಿಂತ. ಶಕುಂತಲಮ್ಮ ಬಾಗಿಲು ದೂಡಿದಳು.

ಕಿಟಕಿಯ ಒಡೆದ ಗಾಜಿನಿಂದ ಬೆಳಕು ಬೀಳುತ್ತಿತ್ತು. ಒಂದು ಪಕ್ಕ ಹಳೆಯ ಮರದ ಅಚ್ಚುಗಳು, ಅವುಗಳ ಮೇಲೆ ಧೂಳು. ಟೆಲೆಕ್ಸ್ ಯಂತ್ರದ ಮೇಲೆ ಮಾತ್ರ ಧೂಳಿಲ್ಲ. ಅದರ ಮುಂದಿನ ಕುರ್ಚಿ ಖಾಲಿ. ಕುರ್ಚಿಯ ಪಕ್ಕದಲ್ಲಿ, ನಿಂತೇ ಬಗ್ಗಿ, ಒಂದು ಬೆರಳನ್ನು ಕೀಲಿಯ ಮೇಲಿಟ್ಟುಕೊಂಡು ಬೀಬಿಜಾನ್ ಇದ್ದಳು.

ಅವಳು ಬೆಚ್ಚಲಿಲ್ಲ. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, “ಈಗ ಬಂತು ಅಮ್ಮಾರೆ,” ಎಂದಳು, ಅವರು ಸುದ್ದಿಗಾಗಿಯೇ ಬಂದವರೋ ಎಂಬಂತೆ.

“ಬೀಬಮ್ಮ, ಇಲ್ಲೇನು ಮಾಡ್ತಿದೀರಿ?”

“ಜವಾಬು ಕೊಟ್ಟೆ.”

“ನಿಮಗೆ ಓದಾಕ ಬರ್ತತಾ?” ಎಂದು ಹಿಂದಿನಿಂದ ವಾಮದೇವಪ್ಪ ಕೇಳಿದ.

“ಇಲ್ರಿ. ಬುತ್ತಿ ತರ್ತಿದ್ನಲ್ಲ, ಆಗ ನೋಡ್ತಿದ್ದೆ. ಕೊನೀಗೆ ಅವ್ರು ಈ ಗುಂಡಿ ಒತ್ತೋರು, ಆಮ್ಯಾಲೆ ಇದು, ಆಮ್ಯಾಲೆ ಇವೆರಡು. ಅಷ್ಟೇ ನಂಗೆ ಬರೋದು.” ಬೀಬಿಜಾನ್ ಕೀಲಿಗಳನ್ನು ಮುಟ್ಟದೆ ತೋರಿಸಿದಳು. ಗಂಡನ ಹೆಸರನ್ನು ಎಂದೂ ಬಾಯಲ್ಲಿ ಹೇಳದ ತಾನು ಬೆರಳಿನಿಂದ ಅದನ್ನೇ ಹೇಳುತ್ತಿದ್ದೇನೆ ಎಂದು ಅವಳಿಗೇ ತಿಳಿದಿರಲಿಲ್ಲ.

“ಯಾಕ ಮಾಡಿದ್ರಿ?” ಎಂದ ವಾಮದೇವಪ್ಪ.

“ಅವ್ರು ಹೋದ ದಿನ ಇದು ಮಾತಾಡ್ತನೇ ಇತ್ತಂತೆ, ಸಾಹೇಬ್ರೆ. ಎಲ್ರೂ ಅವ್ರನ್ನ ಎತ್ಕಂಡು ಹೋದ್ರು. ಇದಕ್ಕೆ ಯಾರೂ ಜವಾಬು ಕೊಡ್ಲಿಲ್ಲ. ಜವಾಬು ಕೊಡದೆ ಏಳಬಾರದು ಅಂತಿದ್ರು ಅವ್ರು. ಬೀಗ ಹಾಕಿದ ಮ್ಯಾಲೂ ಒಂದಿನ ಕಸ ಹೊಡೀವಾಗ ಒಳಗೆ ಸದ್ದು ಕೇಳ್ತು. ಮೈಯೆಲ್ಲ ನೀರಾತು. ಬೀಗದ ಕೈ ನನ್ನ ಗೊಂಚಲಿನಾಗೇ ಇತ್ತು. ತಗದು ನೋಡಿದ್ರೆ ಕುರ್ಚಿ ಖಾಲಿ, ಇದು ಒಂದೇ ಮಾತಾಡ್ತೈತೆ. ಹೆಂಗೆ ಬಿಟ್ಟು ಹೋಗ್ಲಿ?”

ಕಾಗದ ಮುಗಿದಾಗ ಸ್ಟೋರಿನಿಂದ ಸುರುಳಿ ತಂದು ಹಾಕುತ್ತಿದ್ದಳಂತೆ. ಬಂದವನ್ನೆಲ್ಲ ಸುತ್ತಿ, ದಾರ ಕಟ್ಟಿ, ಅಚ್ಚಿನ ಪೆಟ್ಟಿಗೆಯಲ್ಲಿ ಜೋಡಿಸಿಟ್ಟಿದ್ದಳು. ಒಂದೂ ಹರಿದಿರಲಿಲ್ಲ.

“ಇವು ನನಗೆ ಬಂದವು, ಬೀಬಮ್ಮ. ಇವು ಸಿಗದೆ ನನ್ ಕೆಲಸ ಹೋಗ್ತಿತ್ತು.”

ಆಗ ಬೀಬಿಜಾನಳ ಮುಖ ಬಣ್ಣಗೆಟ್ಟಿತು. “ನಿಮಗಾ?” ಎಂದಳು. ಆಮೇಲೆ ಮತ್ತೆ, ತನಗೇ ಎಂಬಂತೆ, “ಅವ್ರಿಗಲ್ಲಾ?”

ವಾಮದೇವಪ್ಪ ಗೋಡೆಯ ತಂತಿ ಬಿಚ್ಚುವಾಗ ಅವಳು ಹೊರಗೆ ಹೋಗಿ ಬಿಸಿಲಲ್ಲಿ ನಿಂತಳು, ನೋಡಲಿಲ್ಲ.

ಮ್ಯಾನೇಜರಿಗೆ ವಾಮದೇವಪ್ಪನೇ ಹೇಳಿದ, ಹಳೆ ಲೈನು ತೆಗೆಸದೆ ಬಿಟ್ಟದ್ದೇ ತಪ್ಪು ಎಂದು. “ಮತ್ತೆ ಎಚ್.ಎಸ್.?” ಎಂದು ಶಿವಮೂರ್ತಪ್ಪನವರು ಕೇಳಿದರು. “ಹಳೇ ಮಶಿನ್ ಸಾರ್. ಗುರುತಿನ ಜತೀಗೆ ಅದನ್ನೂ ಕೂಡಿಸಿದ್ರೇನೋ, ತಾನೇ ಹೊಡೀತಿತ್ತು,” ಎಂದ. ಶಕುಂತಲಮ್ಮ ಆ ಸುಳ್ಳಿಗೆ ತಲೆಯಾಡಿಸಿದಳು. ಮ್ಯಾನೇಜರು ಮುಂದಿದ್ದ ಫೈಲು ಮುಚ್ಚಿ, “ಆಗ್ಲಿ ಬಿಡ್ರಿ,” ಎಂದರು.

ಬೀಬಿಜಾನ್ ಮರುದಿನದಿಂದ ಕೆಲಸಕ್ಕೆ ಬರಲಿಲ್ಲ.

ಶಕುಂತಲಮ್ಮ ಸುರುಳಿಗಳನ್ನು ಬಿಚ್ಚಿ ಓದುತ್ತ, ಸಿಗದೆ ಹೋದ ಒಂದೊಂದಕ್ಕೂ ಕ್ಷಮೆ ಕೇಳಿ ಉತ್ತರ ಕೊಡುತ್ತ ಬಂದಳು. ಅಳತೆ, ಲಾರಿ, ವ್ಯಾಗನ್ನು, ಅವೇ ಮಾತು. ಆದರೆ ಬೊಂಬಾಯಿಯಿಂದ ಬಂದ ಕೆಲವುಗಳ ಕೊನೆಯಲ್ಲಿ ಅಲ್ಲಿಯ ಆಪರೇಟರ್ ತನ್ನ ಮಾತು ಸೇರಿಸಿದ್ದ. ಹಯಾತ್ ಸಾಬರೂ ಅವನೂ ಮುಖ ನೋಡದೆ ತಂತಿಯಲ್ಲೇ ಸ್ನೇಹಿತರಾಗಿದ್ದರೆಂದು ಕಾಣುತ್ತದೆ. ‘ಎಚ್.ಎಸ್. ಭಾಯಿ, ಬಹಳ ದಿನದ ಮೇಲೆ ನಿಮ್ಮ ಹೆಸರು ನೋಡಿದೆ. ಹುಷಾರಿರಲಿಲ್ಲವೇ?’ ಅದರ ಕೆಳಗೆ ‘ಓಕೆ ಎಚ್.ಎಸ್.’ ಇನ್ನೊಂದು ಸುರುಳಿಯಲ್ಲಿ, ‘ತಂಗಿಯ ಮದುವೆ ಆಯಿತು. ಮನೆಯಲ್ಲಿ ಎಲ್ಲ ಕ್ಷೇಮವೇ?’ ‘ಓಕೆ ಎಚ್.ಎಸ್.’ ಮತ್ತೊಂದರಲ್ಲಿ, ‘ಏಕೆ ಹೀಗೆ ಮಾತು ಕಡಿಮೆ ಮಾಡಿದ್ದೀರಿ? ನನ್ನಿಂದ ತಪ್ಪಾಯಿತೇ?’ ಅದಕ್ಕೂ ಅದೇ.

ಆಫೀಸಿನಲ್ಲಿ ಜನರಿದ್ದರು, ಹಗಲಿತ್ತು. ಆದರೂ ಅವಳು ಸುರುಳಿಯನ್ನು ಕೆಳಗಿಟ್ಟು ಕೈಯನ್ನು ಸೀರೆಗೆ ಒರೆಸಿಕೊಂಡಳು.

ಆ ದಿನ ಸಂಜೆ ಗುತ್ತೂರಿಗೆ ನಡೆದು ಹೋಗಿ ಬೀಬಿಜಾನಳ ಮನೆ ಕೇಳಿಕೊಂಡು ಹುಡುಕಿದಳು. ಬೀಬಿಜಾನ್ ಚಾಪೆ ಹಾಸಿ, “ಕೂಡ್ರಿ ಅಮ್ಮಾರೆ,” ಎಂದು ಚಹಾಕ್ಕೆ ನೀರಿಟ್ಟಳು. ಕೆಲಸದ ಮಾತನ್ನು ಇಬ್ಬರೂ ಎತ್ತಲಿಲ್ಲ. ಶಕುಂತಲಮ್ಮ ಬೊಂಬಾಯಿಯ ಮಾತುಗಳನ್ನು ಮೆಲ್ಲಗೆ ಕನ್ನಡದಲ್ಲಿ ಹೇಳಿದಳು. ಬೀಬಿಜಾನ್ ಒಲೆಯ ಕಡೆ ಮುಖ ಮಾಡಿ ಕೇಳಿದಳು.

“ತಂಗಿ ಮದುವೆ ಆತು ಅಂದ್ರೂ ನಾನು ಅದೇ ಒತ್ತಿದ್ನಾ?”

“ಹೂಂ.”

“ತಪ್ಪಾತಾ ಅಂತ ಕೇಳಿದ್ರೂ?”

“ಹೂಂ, ಬೀಬಮ್ಮ.”

ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ನೀರು ಕುದಿದು ಉಕ್ಕಿ ಒಲೆಗೆ ಬಿತ್ತು. ಇಳಿಸಿಟ್ಟು ಹೇಳಿದಳು: “ಆ ಬೊಂಬಾಯೋರಿಗೆ ತಿಳಿಸಿಬಿಡ್ರಿ ಅಮ್ಮಾರೆ. ಪಾಪ, ಯಾರ ಜತೆಗೋ ಮಾತಾಡ್ತಾ ಅದಾರೆ. ನಮ್ಮವ್ರನ್ನ ನಾನೇ ಬದುಕಿಸಿ ಇಟ್ಟಂಗಾತು.”

“ನಾಳೆ ಕೆಲಸಕ್ಕೆ ಬರ್ರಿ. ಸಾಹೇಬ್ರಿಗೆ ಏನೂ ಗೊತ್ತಿಲ್ಲ.”

ಬೀಬಿಜಾನ್ ಎದ್ದು ಲೋಟ ತೊಳೆದಳು. ಚಹಾ ಸೋಸಿ ಕೊಟ್ಟಳು.

ಮಾರನೆಯ ದಿನ ಮಧ್ಯಾಹ್ನ ಶಕುಂತಲಮ್ಮ ಬೊಂಬಾಯಿಗೆ ಕರೆದು ಆರ್ಡರಿನ ವಿಷಯ ಮುಗಿಸಿ, ಸಾಲು ಬಿಟ್ಟು ಹೊಡೆದಳು: ಹಯಾತ್ ಸಾಬರು ತೀರಿಕೊಂಡು ಬಹಳ ದಿನವಾಯಿತು, ನಿಮಗೆ ತಿಳಿಸಿರಲಿಲ್ಲ, ಕ್ಷಮಿಸಿ.

ಆ ಕಡೆಯಿಂದ ಏನೂ ಬರಲಿಲ್ಲ. ಯಂತ್ರದ ಮೋಟಾರು ಗುಂಯ್‌ಗುಡುತ್ತಿತ್ತು. ಲೈನು ಕಡಿದಿರಲಿಲ್ಲ, ಅಲ್ಲಿ ಯಾರೋ ಕೂತಿದ್ದರು. ಕರಿಬಸವರಾಜ ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದ. ಕೊನೆಗೆ ಅಕ್ಷರಗಳು ಒಂದೊಂದಾಗಿ ಕಾಗದದ ಮೇಲೆ ಬಿದ್ದವು.

‘ಹಾಗಾದರೆ ಇಷ್ಟು ದಿನ ನನಗೆ ಉತ್ತರ ಕೊಟ್ಟವರು ಯಾರು?’

ಶಕುಂತಲಮ್ಮ ಕೀಲಿಗಳ ಮೇಲೆ ಕೈಯಿಟ್ಟಳು. ವಾಮದೇವಪ್ಪ ಹೇಳಿದ ಸುಳ್ಳು ತುದಿಬೆರಳಿಗೆ ಬಂದಿತ್ತು. ಅದನ್ನು ಬಿಟ್ಟು, ಅವರ ಮನೆಯವರು, ಎಂದು ಹೊಡೆದಳು.