ಸೊರಬದ ನಾಲ್ಕು ಮೋಟರ್

ಬಳ್ಳಿಗಾವಿಯ ಚಂದ್ರಶೇಖರಪ್ಪ ಬಾಡಿಗೆ ಟೆಂಪೊ ಮಾಡಿಕೊಂಡು ಸೊರಬಕ್ಕೆ ಹೋಗಿ, ಖಾಲಿ ಟೆಂಪೊದಲ್ಲೇ ಶಿಕಾರಿಪುರಕ್ಕೆ ಬಂದಿಳಿದದ್ದು ಸೋಮವಾರ ಮಧ್ಯಾಹ್ನ. ವೀರಬಸಪ್ಪನವರ ಮಷಿನರಿ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಅವನ ದನಿ ಏರಿತ್ತು.

"ಸಾವ್ಕಾರ್ರೆ, ನಿಮ್ಮ ಕಂಪ್ಯೂಟರ್ರಿಗೆ ಕಣ್ಣು ಅದಾವೋ ಇಲ್ಲೋ? ಸೊರಬದ ನಿಮ್ಮ ಅಂಗಡಿಯಾಗ ಐದು ಎಚ್‌ಪಿ ಮೋಟರ್ ನಾಕು ಅದಾವು ಅಂತ ಹೇಳಿ ಕಳಿಸಿದ್ರಿ. ಅಲ್ಲಿ ನೋಡಿದ್ರ ಒಂದೂ ಇಲ್ಲ!"

"ಅಲ್ಲಿ ಅಂಗಡಿಯಾಗಿದ್ದ ಮಾಸ್ತಪ್ಪ ಏನಂದ?" ಎಂದರು ವೀರಬಸಪ್ಪನವರು.

"ಮುಂದಿನ ವಾರ ಬರ್ರಿ ಅಂದ. ಅಷ್ಟೊತ್ತಿಗೆ ನನ್ನ ಬತ್ತ ಒಣಗಿ ಹುಲ್ಲಾಗಿರ್ತೈತಿ. ಟೆಂಪೊ ಬಾಡಿಗಿ ಯಾರು ಕೊಡ್ತೀರಿ, ನೀವೋ, ಪೆಟ್ಟಿಗಿಯೋ?"

ಪೆಟ್ಟಿಗೆ ಅಂದದ್ದು ಗಾಜಿನ ಕೋಣೆಯಲ್ಲಿದ್ದ ಕಂಪ್ಯೂಟರಿಗೆ. ಅದರ ಮುಂದೆ ಕೂತಿದ್ದ ಗಂಗಾಶ್ರೀ ತಲೆ ಎತ್ತಲಿಲ್ಲ. ಪರದೆಯ ಮೇಲೆ ಈಗಲೂ ಅದೇ ಇತ್ತು: ಐದು ಎಚ್‌ಪಿ ಮೋಟರ್, ಶಿಕಾರಿಪುರ ಸೊನ್ನೆ, ಸೊರಬ ನಾಲ್ಕು.

ಹಿಂದಿನ ದೀಪಾವಳಿಗೆ ಹುಬ್ಬಳ್ಳಿಯಿಂದ ಬಂದವರು ಇದನ್ನು ಕೂರಿಸಿಕೊಟ್ಟಿದ್ದರು. ಇಆರ್‌ಪಿ ಎಂದು ಹೆಸರಂತೆ, ದೊಡ್ಡ ಕಾರ್ಖಾನೆಗಳಲ್ಲಿ ಇರುವುದರ ಸಣ್ಣ ರೂಪವಂತೆ. ಖರೀದಿ, ಮಾರಾಟ, ರಿಪೇರಿ, ಎರಡೂ ಅಂಗಡಿಗಳ ದಾಸ್ತಾನು, ಹೀಗೆ ಬೇರೆ ಬೇರೆ ಪುಸ್ತಕಗಳಲ್ಲಿ ಇದ್ದದ್ದೆಲ್ಲ ಒಂದೇ ಕಡೆ ಬಂದು ಕೂತಿತ್ತು. ಎರಡೂ ಅಂಗಡಿ ಸೇರಿ ಯಾವ ಮಾಲಾದರೂ ಮೂರಕ್ಕಿಂತ ಕಡಿಮೆಯಾಯಿತೋ, ಕೊಯಮತ್ತೂರಿನ ಕಂಪನಿಗೆ ಕಳಿಸಬೇಕಾದ ಆರ್ಡರನ್ನು ಅದೇ ಅಚ್ಚು ಹಾಕಿಕೊಡುತ್ತಿತ್ತು. ಜನವರಿಯಿಂದ ಈಚೆಗೆ ಬೇರಿಂಗ್ ಇಲ್ಲ, ಫುಟ್‌ವಾಲ್ವ್ ಇಲ್ಲ ಎಂದು ಒಬ್ಬ ಗಿರಾಕಿಯೂ ಹಿಂದಕ್ಕೆ ಹೋಗಿರಲಿಲ್ಲ. ವೀರಬಸಪ್ಪನವರು ಅಮಾವಾಸ್ಯೆಗೊಮ್ಮೆ ಅದಕ್ಕೆ ವಿಭೂತಿ ಹಚ್ಚಿಸುತ್ತಿದ್ದರು. ಸೊರಬದಲ್ಲಿ ಕಂಪ್ಯೂಟರ್ ಇರಲಿಲ್ಲ. ಅಲ್ಲಿನ ಅಂಗಡಿ ನೋಡಿಕೊಳ್ಳುವ ಮಾಸ್ತಪ್ಪ ದಿನಾ ಸಂಜೆ ಆರಕ್ಕೆ ಫೋನ್ ಮಾಡಿ ಏನೇನು ಮಾರಾಟವಾಯಿತು, ರಿಪೇರಿಗೆ ಏನೇನು ಬಂತು ಎಂದು ಒದರುವುದು, ಗಂಗಾಶ್ರೀ ಅದನ್ನು ಒತ್ತುವುದು.

ಚಂದ್ರಶೇಖರಪ್ಪನನ್ನು ಸಮಾಧಾನ ಮಾಡಿ ಕಳಿಸಿ, ವೀರಬಸಪ್ಪನವರು ಚಪ್ಪಲಿ ಬಿಟ್ಟು ಗಾಜಿನ ಕೋಣೆಯ ಒಳಗೆ ಬಂದರು.

"ಹತ್ತೊಂಬತ್ತು ವರ್ಷ ಆತು ಗಂಗಾ, ಆ ಅಂಗಡಿ ಬೀಗದ ಕೈ ಅವನ ಸೊಂಟದಾಗ ಐತಿ. ನಾಕು ಮೋಟರ್ ಹೊರಗಿಂದ ಹೊರಗ ಮಾರ್ಕೊಂಡಾನ. ನಾಳೆ ನೀ ಹೋಗು. ನಾಕೂ ಕಣ್ಣಿಂದ ನೋಡಿ ನಂಬರ್ ಬರ್ಕೊಂಡು ಬಾ. ಸಿಗಲಿಲ್ಲಂದ್ರ ಬೀಗದ ಕೈ ಇಸ್ಕೊಂಡು ಬಾ. ಚೀಟಿ ಬರ್ದು ಕೊಡ್ತೀನಿ, ಮಾತಾಡೋದು ನಿನ್ನ ಕೈಲಿ ಆಗಂಗಿಲ್ಲ."

ಮಾತಾಡುವುದು ಅವಳ ಕೈಲಿ ಆಗುವುದಿಲ್ಲ ಎನ್ನುವುದು ನಿಜವೇ. ಬಿ.ಕಾಂ. ಮುಗಿಸಿ ಆರು ತಿಂಗಳು ಕಂಪ್ಯೂಟರ್ ಕಲಿತು ಬಂದಿದ್ದಳು. ಗಾಜಿನ ಕೋಣೆ ಸಿಕ್ಕಿದ್ದೇ ಪುಣ್ಯ ಎಂದುಕೊಂಡಿದ್ದಳು. ಈಗ ನಾಲಿಗೆ ಅಂಟಿಕೊಂಡದ್ದಕ್ಕೆ ಬೇರೆಯೇ ಕಾರಣವಿತ್ತು. ಜನವರಿಯಲ್ಲಿ ಮೊದಲ ದಾಸ್ತಾನು ತುಂಬುವಾಗ ಎರಡೂ ಅಂಗಡಿಗಳ ಮಾಲನ್ನು ಅವಳೇ ಕೈಯಾರೆ ಎಣಿಸಬೇಕೆಂದು ಹುಬ್ಬಳ್ಳಿಯವರು ಹೇಳಿಹೋಗಿದ್ದರು. ಶಿಕಾರಿಪುರದ್ದನ್ನು ಮೂರು ದಿನ ಕೂತು ಎಣಿಸಿದಳು. ಸೊರಬಕ್ಕೆ ಒಬ್ಬಳೇ ಹೋಗಿ, ಗಂಡಸರು ತುಂಬಿದ ಅಂಗಡಿಯಲ್ಲಿ ದಿನವಿಡೀ ನಿಲ್ಲಬೇಕಲ್ಲ ಎಂದು ಹಿಂಜರಿದು, ಫೋನಿನಲ್ಲೇ ಕೇಳಿಬಿಟ್ಟಳು. "ಐದು ಎಚ್‌ಪಿ ಹನ್ನೊಂದು" ಎಂದಿದ್ದ ಮಾಸ್ತಪ್ಪ. ಹನ್ನೊಂದು ಎಂದೇ ಒತ್ತಿ, ಹಾಳೆಯ ಕೆಳಗೆ 'ಎಣಿಸಿ ನೋಡಿದೆ' ಎಂದು ಬರೆದು ಸಹಿ ಮಾಡಿದ್ದಳು. ಆಮೇಲೆ ಏಳು ಮಾರಾಟವಾಗಿದ್ದವು. ಉಳಿದದ್ದು ನಾಲ್ಕು. ಆ ನಾಲ್ಕು ಅಲ್ಲಿ ಎಂದಾದರೂ ಇದ್ದವೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ.

ಮರುದಿನ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಸೊರಬ ಸೇರುವಾಗ ಹತ್ತು ಗಂಟೆ. ಮಾಸ್ತಪ್ಪ ಚೀಟಿ ಓದಿ ಮಡಚಿ ಜೇಬಿಗಿಟ್ಟ. ಅರವತ್ತರ ಹತ್ತಿರದ ಮನುಷ್ಯ, ಬೆರಳ ತುದಿಯೆಲ್ಲ ಗ್ರೀಸಿನ ಕರಿ.

"ಬೀಗದ ಕೈ ಕೇಳಿದಾರಾ? ಕೇಳ್ಲಿ. ಅಲ್ಲ ತಂಗೀ, ಮೋಟರಿಗೇನು ಕಾಲಿದಾವಾ ಓಡಿ ಹೋಗಕ್ಕೆ? ಬಾ ಇಲ್ಲಿ."

ಒಳಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ನಾಲ್ಕು ಸಾಲು ಬರೆದಿತ್ತು. ನಾಲ್ಕು ಹೆಸರು, ನಾಲ್ಕು ತಾರೀಕು.

"ಬದಲಿ ಮೋಟರ್" ಎಂದ. "ವೋಲ್ಟೇಜ್ ಬಿದ್ದು ಮೋಟರ್ ಸುಟ್ರೆ ವೈಂಡಿಂಗಿಗೆ ನಮ್ಮಲ್ಲಿಗೆ ತರ್ತಾರೆ. ತಂತಿ ಸುತ್ತಿ ಕಟ್ಟಕ್ಕೆ ನಾಕೈದು ದಿನ ಬೇಕು. ಅಲ್ಲೀವರೆಗೆ ಗದ್ದೆ ಒಣಗಿಸ್ಕೊಂಡು ಕೂತ್ಕಳಾಕಾಗ್ತದಾ? ನಮ್ಮದೊಂದು ಕೊಟ್ಟು ಕಳಿಸ್ತೀನಿ. ಅವರದು ತಯಾರಾದ ಕೂಡ್ಲೆ ನಮ್ಮದು ವಾಪಸು ಬತ್ತದೆ. ಅಂಗಡಿ ತೆಗೆದಾಗಿಂದ ನಾಕು ಮೋಟರ್ ಹಿಂಗೇ ಓಡಾಡ್ತಾ ಇದಾವೆ."

"ಮತ್ತೆ ಜನವರಿಯಲ್ಲಿ ಹನ್ನೊಂದು ಅಂದ್ರಲ್ಲ?"

"ಹನ್ನೊಂದೇ ಮತ್ತೆ. ಏಳು ಒಳಗೆ, ನಾಕು ಹೊರಗೆ. ದನ ಮೇಯಕ್ಕೆ ಹೋಗಿದ್ರೆ ಕೊಟ್ಟಿಗೆಯಲ್ಲಿ ಇಲ್ಲ ಅಂತ ಲೆಕ್ಕದಿಂದ ಬಿಟ್ ಬಿಡ್ತೀಯಾ?" ಮಾಸ್ತಪ್ಪ ನಕ್ಕ. "ನೀನು ಬಂದು ಎಣಿಸಿದ್ರೆ ಅವತ್ತೇ ಬಾಗಿಲ ಹಿಂದೆ ತೋರಿಸ್ತಿದ್ದೆ."

ಅವನು ಚುಚ್ಚಲೆಂದು ಹೇಳಿದ್ದಲ್ಲ. ಆದರೂ ಗಂಗಾಶ್ರೀ ಬಾಗಿಲ ಕಡೆಗೇ ನೋಡುತ್ತ ನಿಂತಳು. ಬಾಗಿಲ ಹಿಂದಿನದು ಅಂಗಡಿಗೆ ಬರುವವರಿಗೆಲ್ಲ ಗೊತ್ತು. ಕಂಪ್ಯೂಟರಿಗೆ ಮಾತ್ರ ಗೊತ್ತಿಲ್ಲ. ನಾಲ್ಕು ಇವೆಯಲ್ಲ ಎಂದುಕೊಂಡು ಅದು ಆರ್ಡರ್ ಕಳಿಸದೆ ಸುಮ್ಮನೆ ಕೂತಿತ್ತು. ಹಾಗೆ ಕೂರಿಸಿದವಳು ತಾನು.

"ನಾಲ್ಕನ್ನೂ ನಾನು ನೋಡಬೇಕು ಮಾಸ್ತಪ್ಪಣ್ಣ. ನಂಬರ್ ಬೇಕು."

ಅಂಗಡಿಯಲ್ಲಿ ಹೆಂಡತಿ ಹುಲಿಗೆಮ್ಮನನ್ನು ಕೂರಿಸಿ ಮಾಸ್ತಪ್ಪ ಲೂನಾ ತೆಗೆದ. ಜಡೆ ಊರಿನ ದಾರಿಯಲ್ಲಿ ಮೊದಲ ಮೂರು ಮೋಟರ್ ಹನ್ನೆರಡೂವರೆಯೊಳಗೆ ಸಿಕ್ಕವು. ಗಂಗಾಶ್ರೀ ಬಗ್ಗಿ, ಸೆರಗಿನಿಂದ ತಗಡಿನ ಪಟ್ಟಿ ಒರೆಸಿ, ಒಂದೊಂದೇ ಅಂಕಿ ಬರೆದುಕೊಂಡಳು. ನಾಲ್ಕನೆಯದು ಸಣ್ಣಪ್ಪ ಎಂಬವನ ಗದ್ದೆಯಲ್ಲಿ ಇರಬೇಕಿತ್ತು. ಪಂಪಿನ ಗುಡಿಸಲಿಗೆ ಹೋದರೆ ಮೋಟರ್ ಕೂರಿಸುವ ಹಲಗೆ ಬರಿದಾಗಿತ್ತು.

ಮಾಸ್ತಪ್ಪನ ಮುಖ ಆಗ ಮೊದಲ ಸಲ ಇಳಿಯಿತು. ಸಣ್ಣಪ್ಪನ ಹೆಂಡತಿ ನಾಗವೇಣಿ ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದವಳು ಎದ್ದು ಬಂದಳು.

"ಅದಾ? ನಮ್ಮ ಅಣ್ಣನ ಮನೇಲಿ ಅದೆ. ಅವರದೂ ಸುಟ್ಟೋಯ್ತು. ನಮ್ಮ ಗದ್ದೆಗೆ ಎರಡು ಸಲ ನೀರು ಆಗಿತ್ತು, ಕೊಟ್ವಿ."

"ಕೊಟ್ವಿ ಅಂತೆ! ನಾನು ಕೊಟ್ಟ ಬದಲೀನ ಇನ್ನೊಬ್ಬರಿಗೆ ಬದಲಿ ಕೊಡಿ ಅಂತ ಯಾರು ಹೇಳಿದ್ದು ನಿಂಗೆ?"

"ನೀವು ನಮಗೆ ಕೊಡ್ವಾಗ ನಿಮ್ಮ ಸಾವ್ಕಾರ್ರನ್ನ ಕೇಳಿ ಕೊಟ್ರಾ?" ಎಂದಳು ನಾಗವೇಣಿ.

ಮಾಸ್ತಪ್ಪ ಲೂನಾ ತಿರುಗಿಸಿದ.

ನಾಗವೇಣಿಯ ಅಣ್ಣ ಸುರೇಂದ್ರನ ಗದ್ದೆ ಅಲ್ಲಿಂದ ಮೂರು ಮೈಲಿ. ಮೋಟರ್ ಹಳ್ಳದ ದಂಡೆಯ ಗುಡಿಸಲಲ್ಲಿ ಓಡುತ್ತಿತ್ತು. ನಂಬರಿನ ಪಟ್ಟಿ ಗೋಡೆಯ ಕಡೆಗಿತ್ತು. ಓದಬೇಕಾದರೆ ತಿರುಗುವ ಬೆಲ್ಟಿನ ಪಕ್ಕದಲ್ಲೇ ತಲೆ ತೂರಿಸಬೇಕು.

"ಐದು ನಿಮಿಷ ಆಫ್ ಮಾಡಪ್ಪ" ಎಂದು ಮಾಸ್ತಪ್ಪ ಸುರೇಂದ್ರನಿಗೆ ಹೇಳಿದ.

"ಸಾಧ್ಯನೇ ಇಲ್ಲ. ತ್ರೀ ಫೇಸ್ ಕರೆಂಟು ಬರೋದೇ ಮೂರು ಗಂಟೆ ಹೊತ್ತು. ಒಂದ್ಸಲ ನಿಲ್ಲಿಸಿದ್ರೆ ನೀರು ಮತ್ತೆ ಹತ್ತಲ್ಲ, ಪೈಪಿಗೆ ಕೊಡದಲ್ಲಿ ನೀರು ಹೊಯ್ಯೋರು ಯಾರು, ನಿಮ್ಮ ಸಾವ್ಕಾರ್ರಾ? ಮೂರಕ್ಕೆ ಕರೆಂಟು ಹೋಗ್ತದೆ. ಆವಾಗ ನಂಬರ್ ನೋಡಿ, ಬೇಕಾರೆ ಜಾತಕ ನೋಡಿ."

ಮೂರರವರೆಗೆ ಕೂತರೆ ಶಿರಾಳಕೊಪ್ಪದಲ್ಲಿ ಬಸ್ಸು ತಪ್ಪುತ್ತದೆ. ಮುಂದಿನದು ಬಂದರೆ ಬಂತು.

"ಬರ್ಕೋ ತಂಗೀ, ನಾನೇ ಹೇಳ್ತೀನಿ" ಎಂದ ಮಾಸ್ತಪ್ಪ. "ನಾಕೂ ನಂಬರ್ ಬಾಯಲ್ಲೇ ಇದಾವೆ. ನಾಕು ನಾಕು ಒಂದು ಏಳು."

ಗಂಗಾಶ್ರೀ ಪೆನ್ನು ತೆಗೆದಿದ್ದಳು. ಇನ್ನೇನು ಬರೆಯಬೇಕು, ಕೈ ತಡೆಯಿತು.

"ಬೇಡಣ್ಣ. ನೋಡೇ ಬರ್ಕೋತೀನಿ."

"ನನ್ನ ಮಾತಿಗೆ ನಂಬಿಕೆ ಇಲ್ವಾ?"

"ನಿಮ್ಮ ಮಾತಲ್ಲ" ಎಂದಳು. ಪೆನ್ನಿಗೆ ಮುಚ್ಚಳ ಹಾಕಿ ಬದುವಿನ ಮೇಲೆ ಕೂತಳು.

ಮಾಸ್ತಪ್ಪ ಅವಳಿಂದ ದೂರ ಹೋಗಿ ಕೂತ. ಸುರೇಂದ್ರನ ಮನೆಯಿಂದ ಮಜ್ಜಿಗೆ ಬಂದಾಗಲೂ ಈ ಕಡೆ ತಿರುಗಲಿಲ್ಲ. ಮೂರಕ್ಕೆ ಐದು ನಿಮಿಷ ಇರುವಾಗ ಮೋಟರ್ ತಾನಾಗಿ ನಿಂತಿತು. ಗಂಗಾಶ್ರೀ ಗೋಡೆಗೆ ಕೆನ್ನೆ ಹಚ್ಚಿ ಪಟ್ಟಿ ಒರೆಸಿದಳು. ನಾಲ್ಕು ನಾಲ್ಕು ಏಳು ಒಂದು. ಎರಡು ಸಲ ಓದಿ, ಮಾಸ್ತಪ್ಪನನ್ನು ಕರೆದು ತೋರಿಸಿದಳು. ಅವನು ಕಣ್ಣು ಕಿರಿದು ಮಾಡಿಕೊಂಡು ನೋಡಿ, "ಹೌದಲ್ಲ ಮಾರಾಯ್ತಿ" ಎಂದ.

ಅವಳು ಶಿಕಾರಿಪುರದ ಅಂಗಡಿ ಮುಟ್ಟಿದಾಗ ದೀಪ ಹಚ್ಚಿ ಊದಿನಕಡ್ಡಿ ಬೆಳಗುವ ಹೊತ್ತು. ವೀರಬಸಪ್ಪನವರು ಖರೀದಿಯ ಕಡತ ತೆರೆದಿಟ್ಟುಕೊಂಡು ಒಂದೊಂದೇ ನಂಬರಿಗೆ ಬೆರಳಿಟ್ಟರು. ನಾಲ್ಕೂ ಸರಿಹೊಂದಿದವು. ಬದಲಿ ಮೋಟರಿನ ಕತೆಯನ್ನು ಅವಳು ತಡವರಿಸಿ ಹೇಳಿ ಮುಗಿಸುವವರೆಗೆ ಕೇಳಿಸಿಕೊಂಡರು. ಸಿಟ್ಟು ಮಾತ್ರ ಇಳಿಯಲಿಲ್ಲ.

"ಕದ್ದಿಲ್ಲ, ಒಪ್ಪಿದೆ. ಆದ್ರ ಕಪಾಟಿನಾಗ ಇಲ್ಲದ್ದನ್ನ ಐತಿ ಅಂತ ಯಾಕ ಬರಸ್ದ? ಚಂದ್ರಶೇಖರಪ್ಪ ಇವತ್ತು ಬ್ಯಾರೆ ಅಂಗಡಿಯಾಗ ಮೋಟರ್ ತಗೊಂಡ. ಹಿಂಗ ಎಷ್ಟು ಮಂದಿ ಹೋಗ್ಯಾರೋ. ಸುಳ್ಳು ಹೇಳೋನ ಕೈಯಾಗ ಅಂಗಡಿ ಬಿಡಂಗಿಲ್ಲ. ಬೀಗದ ಕೈ ತಂದೆಯಾ?"

"ಅವರು ಸುಳ್ಳು ಹೇಳ್ಲಿಲ್ಲ ಸಾವ್ಕಾರ್ರೆ." ತನ್ನ ದನಿ ತನಗೇ ಪರಕೀಯವೆನಿಸಿತು. "ನಮ್ಮವು ಎಷ್ಟು ಅಂತ ಕೇಳಿದೆ, ಹನ್ನೊಂದು ಅಂದ್ರು. ಎಲ್ಲಿದಾವೆ ಅಂತ ನಾನು ಕೇಳ್ಲಿಲ್ಲ. ಜನವರಿಯಲ್ಲಿ ಸೊರಬಕ್ಕೆ ನಾನು ಹೋಗೇ ಇಲ್ಲ. ಫೋನಿನಲ್ಲಿ ಕೇಳಿ ಹಾಕಿದೆ."

ವೀರಬಸಪ್ಪನವರು ಜನವರಿಯ ಹಾಳೆ ಹುಡುಕಿ ತೆಗೆದರು. ಕೆಳಗಿನ ಎರಡು ಶಬ್ದ ಓದಿದರು. ಸಹಿ ನೋಡಿದರು.

"ನೀನು ಓದಿದಾಕಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಗಂಗಾಶ್ರೀಗೆ.

ಕೆಲಸ ಹೋಯಿತೆಂದೇ ಅವಳು ಎಣಿಸಿದಳು. ಹೋಗುವ ಮುಂಚೆ ಇದೊಂದನ್ನು ತೋರಿಸಿಬಿಡೋಣ ಎಂದು, ಬಸ್ಸಿನಲ್ಲಿ ಹೊಳೆದಿದ್ದನ್ನು ತೆಗೆದು ಪರದೆಯ ಮೇಲೆ ಹಾಕಿದಳು. ಜನವರಿಯಿಂದ ವೈಂಡಿಂಗಿಗೆ ಬಂದ ಮೋಟರ್: ಶಿಕಾರಿಪುರ ಹತ್ತೊಂಬತ್ತು, ಸೊರಬ ಅರವತ್ತೆರಡು.

"ಸೊರಬದಾಗ ಅರವತ್ತೆರಡಾ?" ಅವರು ಕನ್ನಡಕ ಏರಿಸಿಕೊಂಡರು. "ಅದು ಸಣ್ಣ ಅಂಗಡಿ."

"ಅಲ್ಲಿ ಬದಲಿ ಕೊಡ್ತಾರೆ. ಇಲ್ಲಿ ಕೊಡಲ್ಲ. ಹೊಸ ಮೋಟರ್ ತಗೊಂಡ ಏಳು ಜನರಲ್ಲಿ ಐದು ಜನ ಮೊದಲು ವೈಂಡಿಂಗಿಗೆ ಬಂದವರೇ."

ಎರಡು ಅಂಗಡಿಗಳ ಅಂಕಿಯನ್ನು ಅವರು ಅಕ್ಕಪಕ್ಕ ನೋಡಿದ್ದು ಅದೇ ಮೊದಲು. ತುಂಬ ಹೊತ್ತು ನೋಡಿದರು.

"ಬೀಗದ ಕೈ, ನಾಕು ಮೋಟರ್ ಎಲ್ಲಾ ಅವನ ಹತ್ರಾನ ಇರ್ಲಿ. ಆದ್ರ ಮಾರೋ ಮಾಲಿನಾಗ ಸೇರಿಸಬ್ಯಾಡ. ಬ್ಯಾರೆ ಮನಿ ಮಾಡು ಅವಕ್ಕ." ಎದ್ದು ನಿಂತವರು ಹಾಳೆಯನ್ನು ಅವಳ ಮುಂದಿಟ್ಟರು. "ಇನ್ನ ಮ್ಯಾಲೆ ತಿಂಗಳಿಗೊಮ್ಮೆ ಎರಡೂ ಅಂಗಡಿ ನೀನ ಎಣಿಸ್ಬೇಕು. ನಾಚಿಗಿ ಮನಿಯಾಗಿಟ್ಟು ಬಾ."

ಗಂಗಾಶ್ರೀ 'ಬದಲಿ' ಎಂದು ಮೂರನೆಯ ಗೋದಾಮು ತೆರೆದು ನಾಲ್ಕು ಮೋಟರನ್ನು ಅಲ್ಲಿಗೆ ಹಾಕಿದಳು. ಮಾರುವ ಮಾಲಿನ ಲೆಕ್ಕ ಸೊನ್ನೆಗೆ ಇಳಿಯಿತು. ಪ್ರಿಂಟರ್ ಕರಕರ ಎಂದು ಆರು ಮೋಟರಿನ ಆರ್ಡರ್ ಅಚ್ಚು ಹಾಕಿತು. ಎರಡು ತಿಂಗಳ ಹಿಂದೆಯೇ ಹೋಗಬೇಕಾಗಿದ್ದ ಆರ್ಡರ್.

ಮರುದಿನ ಬೆಳಿಗ್ಗೆ ಅವಳೇ ಸೊರಬಕ್ಕೆ ಫೋನ್ ಮಾಡಿ ಎಲ್ಲ ಹೇಳಿದಳು, ತನ್ನ ಸಹಿಯ ವಿಷಯವನ್ನೂ ಬಿಡದೆ.

"ಹಂಗಾರೆ ಇನ್ಮೇಲೆ ಬದಲಿ ಕೊಡ್ಬೇಕಾರೆ ನಿನ್ನ ಪೆಟ್ಟಿಗೆ ಕೇಳ್ಬೇಕೇನು?" ಎಂದ ಮಾಸ್ತಪ್ಪ.

"ಕೇಳೋದು ಬೇಡಣ್ಣ. ಕೊಟ್ಟ ಮೇಲೆ ಹೇಳಿದ್ರೆ ಸಾಕು."

"ಸರಿ, ಬರ್ಕೋ. ಆ ಸಣ್ಣಪ್ಪನ ಹೆಸರು ಹೊಡೆದು ಸುರೇಂದ್ರ ಅಂತ ಹಾಕು. ನಿಲ್ಲು, ನಿಲ್ಲು. ಈಗ್ಲೇ ಹಾಕ್ಬೇಡ. ಮೊದ್ಲು ಹೋಗಿ ನೋಡ್ಕೊಂಡು ಬತ್ತೀನಿ, ಇವತ್ತು ಅದು ಯಾರ ಮನೇಲಿ ಅದೆಯೋ."