ಸ್ಮೋಕರಿನ ಖಾಲಿ ಬೆಂಕಿ

ನನ್ನ ಮೈದುನ ದಿಲೀಪ ಔರಾದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ. ಕಾರ್ಯದ ದಿನ ಅವನ ಎಡೆಯನ್ನು ಕಾಗೆ ಮುಟ್ಟಲಿಲ್ಲ. ಹೊಲದಲ್ಲಿ ಎಲೆ ಇಟ್ಟು ಎಲ್ಲರೂ ದೂರ ನಿಂತಿದ್ದೆವು. ತಾಯಿಯನ್ನು ನೋಡಿಕೊಳ್ಳುತ್ತೇನೆ ಎಂದು ನನ್ನ ಗಂಡ ಕಾಶೀನಾಥ ಅವನಿಗೆ ಮಾತು ಕೊಟ್ಟ. ನಿನ್ನ ಹೆಂಡತಿ ಮೇಘಾಳಿಗೆ ಏನೂ ಕಮ್ಮಿ ಮಾಡುವುದಿಲ್ಲ ಎಂದ. ಕಾಗೆಗಳು ಜಾಲಿಗಿಡದಲ್ಲಿ ಕೂತು ಬೇರೆ ಕಡೆ ನೋಡಿದವು. ಸತ್ತವನ ಆಸೆ ಏನೋ ಉಳಿದಿದೆ ಎನ್ನುತ್ತ ಬಿಸಿಲು ಇಳಿದ ಮೇಲೆ ಮನೆಗೆ ಬಂದೆವು.

ಕೆಲವು ದಿನಗಳಲ್ಲೇ ಭಾಲ್ಕಿಯ ವೆಲ್ಡಿಂಗ್ ಅಂಗಡಿಯಿಂದ ಟೆಂಪೋದಲ್ಲಿ ಮಾಂಸವನ್ನು ಹೊಗೆಯಲ್ಲಿ ಬೇಯಿಸುವ ಒಂದು ಹೊಸ ಸ್ಮೋಕರ್ ಬಂತು. ಉದ್ದಕ್ಕೆ ಸೀಳಿದ ಕಬ್ಬಿಣದ ಡ್ರಮ್ಮು, ಮೇಲೆ ಮುಚ್ಚಳ, ಒಳಗೆ ಜಾಲರಿ, ಒಂದು ಹೊಗೆಗೊಳವೆ, ಕೆಳಗೆ ಸರಿಸುವ ಗಾಳಿಕಿಂಡಿ. ದಿಲೀಪನೇ ಹೇಳಿ ಮಾಡಿಸಿದ್ದಂತೆ. ಮೈಲೂರಿನ ನಮ್ಮ ಖಾನಾವಳಿಯಲ್ಲಿ ಇದ್ದಿಲ ಹೊಗೆಯಲ್ಲಿ ಬೆಂದ ಕುರಿಮಾಂಸ ಮಾಡೋಣ ಎಂದು ವರ್ಷವಿಡೀ ನಮ್ಮ ತಲೆ ತಿಂದಿದ್ದ. ಅದನ್ನು ಕಂಡದ್ದೇ ಅತ್ತೆ ಸತ್ಯಮ್ಮ ಅಂಗಳದಲ್ಲೇ ಕುಸಿದು ಕೂತರು. ಮಗನ ಉಳಿದ ಆಸೆ ಇದೇ, ಇದರಲ್ಲಿ ಒಮ್ಮೆ ಬೇಯಿಸಿ ಎಡೆ ಇಟ್ಟರೆ ಅವನು ನೆಮ್ಮದಿಯಿಂದ ಹೋಗುತ್ತಾನೆ ಎಂದರು.

ಹೊಸದರಲ್ಲಿ ಕೂಡಲೇ ಅಡುಗೆ ಮಾಡುವಂತಿಲ್ಲ ಎಂದಳು ಮೇಘಾ. ಗಂಡನ ಜೊತೆ ಫೋನಿನಲ್ಲಿ ನೋಡಿ ನೋಡಿ ಅದನ್ನೆಲ್ಲ ಕಲಿತವಳು ಅವಳೊಬ್ಬಳೇ. ಒಳಗೆಲ್ಲ ತೊಳೆದು ಒಣಗಿಸಿ ಕುಸುಬಿ ಎಣ್ಣೆ ಸವರಬೇಕು. ಜಾಲರಿಯ ಮೇಲೆ ಏನೂ ಇಡದೆ ಇದ್ದಿಲು ಹಚ್ಚಿ, ಮುಚ್ಚಳ ಹಾಕಿ, ಎಣ್ಣೆ ಕಬ್ಬಿಣಕ್ಕೆ ಹಿಡಿದು ಕಪ್ಪಾಗುವ ತನಕ ಕಾಯಿಸಬೇಕು. ಇಲ್ಲದಿದ್ದರೆ ಮಾಂಸಕ್ಕೆ ತುಕ್ಕಿನ ವಾಸನೆ ಬರುತ್ತದಂತೆ.

ಹಿತ್ತಲಲ್ಲಿ ಬೆಂಕಿ ಹಚ್ಚಿದಾಗ ನಾನು ಪಕ್ಕದಲ್ಲೇ ಇದ್ದೆ. ಗಾಳಿಕಿಂಡಿಯನ್ನು ಪೂರ್ತಿ ತೆರೆದು, ಕೈ ಒರೆಸಿಕೊಳ್ಳುತ್ತ ಅವಳು ಈಚೆ ಬಂದಳು. ನನ್ನ ಕಣ್ಣೆದುರೇ ಆ ಕಿಂಡಿ ಕಿರ್ರೆಂದು ಅರ್ಧಕ್ಕೆ ಸರಿದು ನಿಂತಿತು. ಬಿಸಿಗೆ ಕಬ್ಬಿಣ ಹಿಗ್ಗಿರಬೇಕು ಎಂದುಕೊಂಡೆ. ಆದರೆ ಖಾಲಿ ಡ್ರಮ್ಮಿನಿಂದ ಸುಟ್ಟ ಮಾಂಸದ ಘಮ ಬಂತಲ್ಲ, ಅದಕ್ಕೇನು ಹೇಳಲಿ? ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮೇಘಾ ಮಾತ್ರ ಸ್ಟೂಲು ಎಳೆದುಕೊಂಡು ಹೊಗೆಯ ಹತ್ತಿರ ಕೂತಳು. ಅವಳ ಮುಖದಲ್ಲಿ ಹೆದರಿಕೆಯ ಸುಳಿವೂ ಇರಲಿಲ್ಲ.

ಮರುದಿನ ಎಣ್ಣೆ ಸರಿಯಾಗಿ ಹಿಡಿದಿಲ್ಲ, ಇನ್ನೊಮ್ಮೆ ಕಾಯಿಸಬೇಕು ಎಂದಳು. ಅದರ ಮರುದಿನವೂ ಅದೇ ಮಾತು. ಇದ್ದಿಲ ಚೀಲ ಖಾಲಿಯಾದರೆ ಇನ್ನೊಂದು ತರಿಸಿದಳು. ಒಳಗೆಲ್ಲ ರೊಟ್ಟಿ ಹಂಚಿನ ಹಾಗೆ ಕರ್ರಗೆ ಹೊಳೆಯುತ್ತಿತ್ತು. ಅರ್ಧ ಆಯುಷ್ಯ ಒಲೆ ಮುಂದೆ ಕಳೆದವಳು ನಾನು, ನನಗೇ ಟೋಪಿ ಹಾಕುತ್ತಾಳಲ್ಲ ಎಂದು ಸಿಟ್ಟು ನೆತ್ತಿಗೇರಿತು. ಅತ್ತ ಅತ್ತೆಗೆ ನಿದ್ದೆಯಿಲ್ಲ. ದಿನಾ ನಸುಕಿನಲ್ಲಿ ಮಗ ಬಾಗಿಲಲ್ಲಿ ನಿಂತು, ತಿನ್ನಲು ಏನಿದೆ ಎಂದು ಕೇಳುತ್ತಾನೆ ಎನ್ನುತ್ತಿದ್ದರು. ಸುಳ್ಳೇಕೆ, ಹಿತ್ತಲಲ್ಲಿ ಅವನ ಚಪ್ಪಲಿಯ ಸಪ್ಪಳ ನಾನೂ ಕೇಳಿದ್ದೆ.

ಒಂದು ಮುಂಜಾನೆ ಅತ್ತೆ ತಾವೇ ಮಸಾಲೆ ಹಚ್ಚಿದ ಮಾಂಸವನ್ನು ಪರಾತದಲ್ಲಿ ತಂದರು. ಮೇಘಾ ಸ್ಮೋಕರಿಗೆ ಅಡ್ಡ ನಿಂತಳು. ನಾನು ಬಾಯಿಗೆ ಬಂದಂತೆ ಬೈದೆ. ಎಲ್ಲ ಕೇಳಿಸಿಕೊಂಡು ಅವಳು ತಣ್ಣಗೆ ಹೇಳಿದಳು.

"ಇದರಾಗ ಅಡಗಿ ಆತಂದ್ರ ಅವರು ಹೋಗಿಬಿಡ್ತಾರ್ರಿ ಅಕ್ಕಾ. ಬೆಂಕಿ ಖಾಲಿ ಇರೋತನಕ ಬರ್ತಾರ."

ನನ್ನ ಸಿಟ್ಟು ಜರ್ರನೆ ಇಳಿಯಿತು. ಅತ್ತೆ ಬೈಯಲಿಲ್ಲ. ಪರಾತ ಹಿಡಿದೇ ಅವಳ ಹತ್ತಿರ ಬಂದರು.

"ನನಗೂ ಇರಲಿ ಅಂತೇ ಅನಸ್ತದ ಮೇಘಾ. ಆದ್ರ ಅಂವಾ ಹಸದು ನಿಂದರ್ತಾನವ್ವಾ. ಹಸದ ಮಗನ್ನ ಹ್ಯಾಂಗ ಇಟಗೊಂಡು ಕೂಡಲಿ?"

ಮೇಘಾ ಬಹಳ ಹೊತ್ತು ಅತ್ತಳು. ಆಮೇಲೆ ಪರಾತ ಇಸಿದುಕೊಂಡು ಒಂದೊಂದೇ ತುಂಡನ್ನು ಜಾಲರಿಯ ಮೇಲೆ ಹೊಂದಿಸಿಟ್ಟು ಮುಚ್ಚಳ ಹಾಕಿದಳು. ಮಧ್ಯಾಹ್ನದವರೆಗೆ ಅಲ್ಲಿಂದ ಏಳಲಿಲ್ಲ. ಮಾಂಸ ಬೆಂದ ಮೇಲೆ ತಾನೇ ಎಲೆಯಲ್ಲಿ ಬಡಿಸಿ ಹಿತ್ತಲ ಗೋಡೆಯ ಮೇಲೆ ಇಟ್ಟಳು. ನಾವು ಹಿಂದೆ ಸರಿಯುವಷ್ಟರಲ್ಲೇ ಕಾಗೆಯೊಂದು ಇಳಿಯಿತು. ದೊಡ್ಡ ತುಂಡನ್ನು ಕಚ್ಚಿಕೊಂಡು ಹಾರಿಹೋಯಿತು.

ಅತ್ತೆ ಕೈಮುಗಿದು ಗೋಳೋ ಎಂದು ಅತ್ತರು. ಹಿತ್ತಲು ಎಂದೂ ಇಲ್ಲದಷ್ಟು ಸುಮ್ಮನಾಗಿತ್ತು. ಕಾಗೆ ಹೋದ ದಿಕ್ಕನ್ನೇ ನೋಡುತ್ತ ಮೇಘಾ ಅಂದಳು:

"ಉಪ್ಪು ಸರಿ ಇತ್ತೋ ಇಲ್ಲೋ, ಹೇಳಲೇ ಇಲ್ಲ ನೋಡ್ರಿ ಅಕ್ಕಾ."